ಮೂರು ತಿಂಗಳು ಕಾಯುವುದೂ ಒಂದು ಪರೀಕ್ಷೆಯೇ

ಪ್ರಶ್ನೆ: ಅಪ್ಪನಿಗೆ 61 ವರ್ಷ. 30 ವರ್ಷಗಳಿಂದ ಬೀಡಿ ಸೇದುತ್ತಾರೆ. 2004ರಲ್ಲಿ ಟಿ.ಬಿ. ಆಗಿ, ಮಾತ್ರೆಯ ಕೋರ್ಸು ಮುಗಿಸಿದ್ದರು. ಈಗ ಕೆಮ್ಮು ನಿಲ್ಲದೆ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 9 ಮಿ.ಮೀ. ಗಂಟು ಎಂದು ಬಂದಿದೆ. ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎನ್ನುತ್ತಾರೆ ಡಾಕ್ಟರು. ಕ್ಯಾನ್ಸರ್ ಆಗಿದ್ದರೆ ಅಷ್ಟರಲ್ಲಿ ಹರಡುವುದಿಲ್ಲವೇ? ಅಪ್ಪನಿಗೆ ಏನೂ ಹೇಳಿಲ್ಲ. ರಾತ್ರಿ ನಿದ್ದೆಯಿಲ್ಲ.
— ಹೆಸರು ಬೇಡ, ಹಾಸನ

ಉತ್ತರ: ತಂಗೀ, ನಿಮ್ಮ ಡಾಕ್ಟರು ಕೈಕಟ್ಟಿ ಕೂತಿಲ್ಲ. ಕಡಲೆಕಾಳಿನಷ್ಟಿರುವ ಗಂಟು ಸಾದಾ ಗಡ್ಡೆಯೋ ಕ್ಯಾನ್ಸರೋ ಎಂದು ಒಂದೇ ಸ್ಕ್ಯಾನ್ ನೋಡಿ ಹೇಳಲು ಬಹಳ ಸಲ ಆಗುವುದಿಲ್ಲ.

ಕೆಲವು ಗುರುತುಗಳೇನೋ ಇವೆ. ಗಂಟಿನ ನಟ್ಟನಡುವೆ ಅಥವಾ ಇಡೀ ಗಂಟಿಗೆ ಸುಣ್ಣ ಕಟ್ಟಿದ್ದರೆ ಅದು ಸಾಮಾನ್ಯವಾಗಿ ಟಿ.ಬಿ.ಯಂಥ ಹಳೆಯ ಸೋಂಕಿನ ಕಲೆ. ಒಳಗೆ ಕೊಬ್ಬು ಇದ್ದರೆ, ಸುಣ್ಣ ಜೋಳದ ಅರಳಿನಂತೆ ಕಂಡರೆ, ಹ್ಯಾಮಾರ್ಟೋಮ ಎಂಬ ನಿರಪಾಯದ ಗಡ್ಡೆ. ಅಂಚಿನಿಂದ ಮುಳ್ಳು ಮುಳ್ಳಾಗಿ ಗೆರೆ ಹೊರಟಿದ್ದರೆ ಅನುಮಾನ ಹೆಚ್ಚು. ಆದರೆ ನಯವಾದ ಅಂಚಿನ ಕ್ಯಾನ್ಸರೂ ಉಂಟು, ಮುಳ್ಳಿನಂಥ ಟಿ.ಬಿ. ಕಲೆಯೂ ಉಂಟು.

ಆಗ ಕೇಳಬೇಕಾದದ್ದು ಬೆಳವಣಿಗೆಯನ್ನು. ಘನವಾದ ಕ್ಯಾನ್ಸರ್ ಗಂಟು ಇಮ್ಮಡಿಯಾಗಲು ಸಾಮಾನ್ಯವಾಗಿ ಒಂದು ತಿಂಗಳಿನಿಂದ 400 ದಿನ ಹಿಡಿಯುತ್ತದೆ. ಇಮ್ಮಡಿ ಎಂದರೆ 9 ಮಿ.ಮೀ. ಹೋಗಿ 18 ಆಗುವುದಲ್ಲ. ಗುಂಡಗಿನ ಗಂಟು 11.3 ಆದರೆ ಸಾಕು, ಅದರ ಗಾತ್ರ ಎರಡರಷ್ಟಾಯಿತು. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕಾದ್ದರಿಂದ ಎರಡನೇ ಸ್ಕ್ಯಾನನ್ನು ಆದಷ್ಟೂ ಅದೇ ಸೆಂಟರಿನಲ್ಲಿ, ತೆಳು ಸ್ಲೈಸ್‌ಗಳಲ್ಲಿ ಮಾಡಿಸಿ. ರಿಪೋರ್ಟಿನ ಹಾಳೆ ಸಾಲದು, ಮೊದಲ ಸ್ಕ್ಯಾನಿನ ಸಿ.ಡಿ. ಒಯ್ಯಿರಿ.

8 ಮಿ.ಮೀ. ಮೀರಿದ ಘನ ಗಂಟಿಗೆ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿ ಹೇಳುವುದು ಮೂರು ದಾರಿ: ಮೂರು ತಿಂಗಳಿಗೆ ಸಿ.ಟಿ., ಪೆಟ್-ಸಿ.ಟಿ., ಇಲ್ಲವೆ ಬಯಾಪ್ಸಿ. ಪೆಟ್ ಸ್ಕ್ಯಾನಿನಲ್ಲಿ ಟಿ.ಬಿ.ಯೂ ಕ್ಯಾನ್ಸರಿನಂತೆಯೇ ಹೊಳೆಯುವುದರಿಂದ ನಮ್ಮಲ್ಲಿ ಅದನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ. ಕೊನೆಯ ಮಾತು ಬಯಾಪ್ಸಿಯದೇ. ಆದರೂ ಬೀಡಿಯ ಚರಿತ್ರೆ ಇರುವುದರಿಂದ, ಮೊದಲ ದಾರಿಯನ್ನೇ ಏಕೆ ಆರಿಸಿದಿರಿ ಎಂದು ಎದೆರೋಗ ತಜ್ಞರನ್ನು ಧೈರ್ಯವಾಗಿ ಕೇಳಿ. ಟಿ.ಬಿ. ಮರುಕಳಿಸಿದೆಯೇ ಎಂದು ಕಫ ಪರೀಕ್ಷೆ ಆಗಿದೆಯೇ? ಆಗಿರದಿದ್ದರೆ ಈ ವಾರವೇ ಮಾಡಿಸಿ. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಮೂರು ತಿಂಗಳ ಲೆಕ್ಕ ಬಿಟ್ಟು ಕೂಡಲೇ ಹೋಗಿ.

ಇನ್ನು ಅಪ್ಪನಿಗೆ ಹೇಳುವ ವಿಷಯ. ದಯವಿಟ್ಟು ಮುಚ್ಚಿಡಬೇಡಿ. ಬೀಡಿ ಬಿಡಬೇಕಾದವರು ಅವರು, ಎರಡನೇ ಸ್ಕ್ಯಾನಿಗೆ ಬಂದು ಮಲಗಬೇಕಾದವರೂ ಅವರೇ. ಇನ್ನೊಂದು ಕಾರಣವಿದೆ. 2004ರ ಎಕ್ಸ್‌ರೇಯಲ್ಲೋ ಆಮೇಲಿನ ಯಾವುದಾದರೂ ಫಿಲ್ಮಿನಲ್ಲೋ ಈ ಚುಕ್ಕೆ ಇದೇ ಜಾಗದಲ್ಲಿ, ಇದೇ ಗಾತ್ರದಲ್ಲಿ ಇದ್ದಿದ್ದರೆ, ಅಷ್ಟು ವರ್ಷ ಬೆಳೆಯದ ಘನ ಗಂಟು ಕ್ಯಾನ್ಸರ್ ಆಗಿರುವ ಸಂಭವ ತೀರಾ ಕಡಿಮೆ. ಆ ಫಿಲ್ಮು ಯಾವ ಟ್ರಂಕಿನಲ್ಲಿದೆ ಎಂಬುದು ಅಪ್ಪನಿಗೇ ಗೊತ್ತಿರಬೇಕು. ಇವತ್ತು ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂತು ಕೇಳಿ.