ನೀರಿನ ಮೇಲಣ ಹರಳು: ಪಾಲಿಮರ್ ತೆಳುಪದರದ ಸ್ಫಟಿಕೀಕರಣ ಮತ್ತು ಕನ್ನಡದ ಕ್ರಿಯಾಪದ

ಕನ್ನಡದಲ್ಲಿ ವಿಜ್ಞಾನ ಪರಿಭಾಷೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ನಾಮಪದಗಳನ್ನು ಕುರಿತದ್ದಾಗಿದೆ. ಸಂಸ್ಕೃತಮೂಲದ ಪದವನ್ನು ಟಂಕಿಸಬೇಕೆ, ಅಚ್ಚಗನ್ನಡದ ಪದವನ್ನು ಹುಡುಕಬೇಕೆ, ಇಂಗ್ಲಿಷಿನ ಪದವನ್ನೇ ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಆದರೆ ಒಂದು ಪ್ರಕ್ರಿಯೆಯನ್ನು ನಿರೂಪಿಸುವಾಗ ಅರ್ಥದ ಭಾರವನ್ನು ಹೊರುವುದು ಕ್ರಿಯಾಪದ. ಅದು ತಪ್ಪಿದರೆ, ನಾಮಪದಗಳೆಲ್ಲ ಸರಿಯಿದ್ದರೂ ವಿಷಯವೇ ತಪ್ಪುತ್ತದೆ. ನೀರಿನ ಮೇಲ್ಮೈಯಲ್ಲಿ ಹರಡಿದ ಪಾಲಿಮರ್ ತೆಳುಪದರವು ಹರಳುಗಟ್ಟುವ ಬಗೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನೀರಿನ ಮೇಲಿನ ಪದರ

ನೀರಿನ ಮೇಲೆ ಎಣ್ಣೆ ಹರಡುವುದು ಎಲ್ಲರೂ ಕಂಡ ಸಂಗತಿ. ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ಒಂದು ಟೀ ಚಮಚವನ್ನು ಮೀರದಷ್ಟು ಎಣ್ಣೆಯು ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ನಿಶ್ಚಲಗೊಳಿಸಿದುದನ್ನು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪ್ರಕಟವಾದ ಬರಹದಲ್ಲಿ ದಾಖಲಿಸಿದನು. ವಿಶ್ವವಿದ್ಯಾಲಯದ ಶಿಕ್ಷಣ ದೊರೆಯದಿದ್ದ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಅವರು ಮನೆಯಲ್ಲಿಯೇ ನೀರಿನ ತೊಟ್ಟಿಯ ಮೇಲೆ ತಗಡಿನ ಪಟ್ಟಿಯನ್ನು ಸರಿಸುತ್ತ, ಪದರದ ವಿಸ್ತೀರ್ಣ ಕುಗ್ಗಿದಂತೆ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆಂಬುದನ್ನು ಅಳೆದರು. ಆ ವಿವರಗಳ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆಳಕು ಕಂಡಿತು. ಇಂಥ ಪದರಗಳು ಒಂದೇ ಅಣುವಿನಷ್ಟು ದಪ್ಪವಿರಬಲ್ಲವು ಎಂಬ ತಿಳಿವಳಿಕೆಗೆ 1917ರಲ್ಲಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಭದ್ರವಾದ ತಳಹದಿ ಹಾಕಿದರು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಪದರ ಹರಡಿದಾಗ ಈ ಎಳೆತ ಎಷ್ಟು ಇಳಿಯುವುದೋ ಅಷ್ಟನ್ನು ಆ ಪದರದ ‘ಮೇಲ್ಮೈ ಒತ್ತಡ’ ಎನ್ನುತ್ತಾರೆ.

2. ಸರಪಳಿಯ ಮಡಿಕೆ

ಉಪ್ಪಿನ ಹರಳಿನಲ್ಲಿ ಅಯಾನುಗಳು ಬಿಡಿಬಿಡಿಯಾಗಿ ಬಂದು ತಮ್ಮ ಸ್ಥಾನದಲ್ಲಿ ನೆಲೆಗೊಳ್ಳುತ್ತವೆ. ಪಾಲಿಮರಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ನೂರಾರು, ಸಾವಿರಾರು ಘಟಕಗಳು ಒಂದೇ ಸರಪಳಿಯ ಕೊಂಡಿಗಳು. 1957ರಲ್ಲಿ ಆಂಡ್ರ್ಯೂ ಕೆಲ್ಲರ್ ಪಾಲಿಎಥಿಲೀನಿನ ಹರಳುಗಳನ್ನು ಪರೀಕ್ಷಿಸಿದಾಗ, ಸುಮಾರು 10 ನ್ಯಾನೋಮೀಟರ್ ದಪ್ಪದ ಹಾಳೆಗಳಲ್ಲಿ ಸರಪಳಿಗಳು ಹಾಳೆಗೆ ಲಂಬವಾಗಿ ನಿಂತಿದ್ದುದು ಕಂಡುಬಂದಿತು. ಸರಪಳಿಯ ಉದ್ದವಾದರೋ ಹಾಳೆಯ ದಪ್ಪಕ್ಕಿಂತ ಬಹುಪಾಲು ಹೆಚ್ಚು. ಆದುದರಿಂದ ಸರಪಳಿಯು ಸೀರೆಯ ನೆರಿಗೆಯಂತೆ ಹಿಂದುಮುಂದಾಗಿ ಮಡಿಚಿಕೊಂಡಿರಲೇಬೇಕೆಂದು ಅವರು ತೀರ್ಮಾನಿಸಿದರು. ನೆರಿಗೆಗೆ ಸಿಗದ, ಸಿಕ್ಕಾದ ಭಾಗಗಳು ಕ್ರಮರಹಿತವಾಗಿಯೇ ಉಳಿಯುವುದರಿಂದ ಇಂಥ ಪಾಲಿಮರುಗಳನ್ನು ಅರೆಸ್ಫಟಿಕಗಳೆಂದು ಕರೆಯುವುದು ವಾಡಿಕೆ.

3. ಒತ್ತಡದಿಂದ ಹುಟ್ಟುವ ಹರಳು

ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇದನ್ನು ಕ್ಲೋರೋಫಾರ್ಮಿನಂಥ ದ್ರಾವಕದಲ್ಲಿ ತೆಳುವಾಗಿ ಬೆರೆಸಿ ನೀರಿನ ಮೇಲೆ ಹನಿಸಿದರೆ ದ್ರಾವಕ ಆವಿಯಾಗಿ ಪದರ ಉಳಿಯುತ್ತದೆ. ಸರಪಳಿಯಲ್ಲಿರುವ ಎಸ್ಟರ್ ಗುಂಪುಗಳಿಗೆ ನೀರಿನತ್ತ ಒಲವಿರುವುದರಿಂದ ಸರಪಳಿಗಳು ಅದರ ಮೇಲೆ ಮಲಗಿದಂತೆ ಹರಡಿಕೊಂಡಿರುತ್ತವೆ. ತೊಟ್ಟಿಯ ತಡೆಪಟ್ಟಿಗಳನ್ನು ಸರಿಸಿ ಪದರವನ್ನು ಒತ್ತುತ್ತ ಹೋದಾಗ, ಮೇಲ್ಮೈ ಒತ್ತಡ ಮೀಟರಿಗೆ 11 ಮಿಲಿನ್ಯೂಟನ್ನಿನ ಆಸುಪಾಸಿಗೆ ಬಂದಂತೆ ಸರಪಳಿಗಳು ನೀರನ್ನು ಬಿಟ್ಟು ಮೇಲೆದ್ದು, ಮಡಿಚಿಕೊಂಡು, ಹರಳಿನ ಬೀಜಗಳಾಗುತ್ತವೆ.

ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಅಲನ್ ಎಸ್ಕರ್ ಮತ್ತು ಅವರ ಸಹಶೋಧಕರು ಈ ಬೆಳವಣಿಗೆಯನ್ನು ನಡೆಯುತ್ತಿರುವಾಗಲೇ ಸೆರೆಹಿಡಿದು 2006ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಬ್ರೂಸ್ಟರ್ ಕೋನ ಸೂಕ್ಷ್ಮದರ್ಶಕ. ತಕ್ಕಂತೆ ಧ್ರುವೀಕರಿಸಿದ ಬೆಳಕು ಸುಮಾರು 53 ಡಿಗ್ರಿ ಕೋನದಲ್ಲಿ ಬಿದ್ದಾಗ ಬರಿಯ ನೀರು ಅದನ್ನು ಪ್ರತಿಫಲಿಸುವುದಿಲ್ಲ. ಪದರ ಮತ್ತು ಹರಳುಗಳು ಮಾತ್ರ ಕಪ್ಪು ಹಿನ್ನೆಲೆಯಲ್ಲಿ ಬೆಳಗುತ್ತವೆ. ಆ ಹರಳುಗಳ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಅವುಗಳಲ್ಲಿ ಸರಪಳಿಗಳು ಲಂಬವಾಗಿ ನಿಂತಿದ್ದವು. ಪಟ್ಟಿಗಳನ್ನು ಹಿಂದಕ್ಕೆ ಸರಿಸಿದಾಗ ಸರಪಳಿಗಳು ಒಂದೊಂದಾಗಿ ಕಳಚಿ ಪದರಕ್ಕೆ ಮರಳಿದವು. ಉಪಶಾಖೆಗಳು ಮೊದಲು, ಮುಖ್ಯ ಅಕ್ಷಗಳು ಆಮೇಲೆ.

4. ಯಾವ ಕ್ರಿಯಾಪದ?

ಈ ಪ್ರಕ್ರಿಯೆಗೆ ‘ಘನೀಕರಣ’ ಎಂಬ ಪದ ಹೊಂದುವುದಿಲ್ಲ. ಆ ಪದ ತಣ್ಣಗಾಗುವಿಕೆಯನ್ನು ಸೂಚಿಸುತ್ತದೆ. ಇಲ್ಲಿ ಉಷ್ಣತೆ ಇಳಿಯುವುದಿಲ್ಲ, ವಿಸ್ತೀರ್ಣ ಕುಗ್ಗುತ್ತದೆ. ‘ಸ್ಫಟಿಕ’ವು ನಮ್ಮ ಕಾವ್ಯಪರಂಪರೆಯಲ್ಲಿ ನೈರ್ಮಲ್ಯದ ಉಪಮಾನ, ಅರೆಕ್ರಮದ ಪಾಲಿಮರಿಗೆ ಅದರ ಧ್ವನಿ ಕೊಂಚ ಅಧಿಕವೆನಿಸಿದರೂ ಶಾಸ್ತ್ರದಲ್ಲಿ ನೆಲೆಯೂರಿರುವುದರಿಂದ ಉಳಿಯಲಿ. ಆದರೆ ಕ್ರಿಯೆಯನ್ನು ಹೇಳಲು ಅಡುಗೆಮನೆಯ ಮಾತುಗಳೇ ಹೆಚ್ಚು ನಿಖರವಾಗಿವೆ. ಹಾಲು ‘ಹೆಪ್ಪುಗಟ್ಟು’ವಾಗ ಗಟ್ಟಿಯಾಗುತ್ತದೆ, ಹರಳಿನ ಕ್ರಮ ಮೂಡುವುದಿಲ್ಲ. ‘ಕೆನೆಗಟ್ಟು’ವಾಗ ಮೇಲೆ ಪದರ ಕೂಡುತ್ತದೆ. ದಾರದ ಸುತ್ತ ಕಲ್ಲುಸಕ್ಕರೆ ‘ಹರಳುಗಟ್ಟು’ವಾಗ ಮಾತ್ರ ಬೀಜ, ಬೆಳವಣಿಗೆ, ಕ್ರಮ ಮೂರೂ ಇವೆ. ಕಟ್ಟು ಎಂಬ ಒಂದೇ ಧಾತು ಮೂರು ಭೌತಸ್ಥಿತಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು.

ನಿಜವಾದ ತೊಡಕು ಇರುವುದು ಮರುಪಯಣದಲ್ಲಿ. ಬೆಣ್ಣೆ ಕಾವಿಗೆ ‘ಕರಗು’ತ್ತದೆ, ಸಕ್ಕರೆ ನೀರಿನಲ್ಲಿ ‘ಕರಗು’ತ್ತದೆ; ಎರಡಕ್ಕೂ ಕನ್ನಡದಲ್ಲಿ ಒಂದೇ ಪದ. ಪಾಲಿಮರ್ ಹರಳು ನೀರಿನ ಮೇಲೆ ‘ಕರಗಿತು’ ಎಂದು ಬರೆದರೆ ವಿದ್ಯಾರ್ಥಿಯು ಅದು ನೀರಿನೊಳಗೆ ಬೆರೆಯಿತೆಂದೇ ತಿಳಿಯುವನು. ವಾಸ್ತವದಲ್ಲಿ ಅದು ಕಾವಿಗೆ ಕರಗಿದ್ದೂ ಅಲ್ಲ, ನೀರಿನಲ್ಲಿ ಬೆರೆತದ್ದೂ ಅಲ್ಲ. ಮಡಿಕೆ ಬಿಚ್ಚಿಕೊಂಡು ಪದರವಾಗಿ ಹರಡಿದ್ದು. ಇಲ್ಲಿ ‘ಬಿಚ್ಚಿಹರಡು’ ಎಂಬ ಕೂಡುಕ್ರಿಯೆಯನ್ನು ಬಳಸಬಹುದೆಂದು ಈ ಲೇಖನ ಸೂಚಿಸುತ್ತದೆ.

ಒಟ್ಟಿನಲ್ಲಿ, ಪರಿಭಾಷಾ ಕೋಶವು ನಾಮಪದಗಳ ಪಟ್ಟಿಯಾಗಿ ನಿಂತರೆ ಸಾಲದು. ಪ್ರತಿಯೊಂದು ಪ್ರಕ್ರಿಯೆಗೂ ಅದರ ಮುನ್ನಡೆ, ಹಿನ್ನಡೆಗಳೆರಡನ್ನೂ ಹೇಳುವ ಕ್ರಿಯಾಪದಗಳು ಅದರಲ್ಲಿ ಇರಬೇಕು. ಆ ಕೆಲಸವನ್ನು ವಿಜ್ಞಾನಿಯೊಬ್ಬನೇ ಮಾಡಲಾರ. ಭಾಷೆಯ ಅಧ್ಯಾಪಕರೂ ಪ್ರಯೋಗಶಾಲೆಯ ತೊಟ್ಟಿಯ ಬಳಿ ನಿಂತು ನೋಡಬೇಕಾಗುತ್ತದೆ.