ರಂಗಸ್ಥಳದ ಬೆಳಕು, ಕಂಪ್ಯೂಟರಿನ ಮಬ್ಬು

ರಾ ಫೈಲಿನಲ್ಲಿ ತೆಗೆದ ಚಿತ್ರವು ಕ್ಯಾಮೆರಾದ ಸ್ಕ್ರೀನಿನಲ್ಲಿ ಕಂಡದ್ದಕ್ಕಿಂತ ಕಂಪ್ಯೂಟರಿನಲ್ಲಿ ಕಪ್ಪಾಗಿ ಕಾಣುವುದು ಹವ್ಯಾಸಿಗಳಿಗೂ ವೃತ್ತಿಪರರಿಗೂ ಚಿರಪರಿಚಿತವಾದ ತೊಡಕು. ಕರಾವಳಿಯ ಬಯಲಾಟಗಳನ್ನು ರಾತ್ರಿಯಿಡೀ ಕೂತು ಚಿತ್ರಿಸುವವರಿಗೆ ಇದರ ಅನುಭವ ಹೆಚ್ಚು. ಸುತ್ತ ಕಗ್ಗತ್ತಲು, ನಡುವೆ ಪ್ರಖರ ದೀಪ, ಆ ಬೆಳಕಿನಲ್ಲಿ ಹೊಳೆಯುವ ಆಭರಣ, ಅದರ ಪಕ್ಕದಲ್ಲೇ ಕಪ್ಪು ಬಣ್ಣ ಬಳಿದ ಮುಖ ಹೀಗೆ ವ್ಯತ್ಯಾಸಕ್ಕೆ ಕಾರಣವಾಗುವ ಅಂಶಗಳೆಲ್ಲ ಯಕ್ಷಗಾನದ ರಂಗಸ್ಥಳದಲ್ಲಿ ಒಟ್ಟಿಗೇ ಸೇರಿರುತ್ತವೆ. ಚಿತ್ರ ಕಪ್ಪಾಗಿ ಕಾಣುವುದು ಬೇರೆ, ಚಿತ್ರದಲ್ಲಿ ಬೆಳಕೇ ಕಡಿಮೆ ದಾಖಲಾಗಿರುವುದು ಬೇರೆ. ಮೊದಲನೆಯದರಿಂದ ನಷ್ಟವೇನೂ ಇಲ್ಲ, ಎರಡನೆಯದರಿಂದ ಇದೆ. ಆದರೆ ನೋಡುವ ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ತೋರುವುದರಿಂದ ಪರಿಹಾರವೂ ಹಲವೊಮ್ಮೆ ದಾರಿ ತಪ್ಪುತ್ತದೆ.

ರಾ ಫೈಲೆಂದರೆ ಸಂವೇದಕದ, ಅಂದರೆ ಸೆನ್ಸಾರಿನ, ಮೇಲೆ ಬಿದ್ದ ಬೆಳಕಿನ ಅಳತೆಗಳ ದಾಖಲೆಯೇ ಹೊರತು ಸಿದ್ಧ ಚಿತ್ರವಲ್ಲ. ಅದನ್ನು ಹಾಗೆಯೇ ತೋರಿಸಲು ಬಾರದ ಕಾರಣ, ಕ್ಯಾಮೆರಾವು ಪ್ರತಿಯೊಂದು ರಾ ಫೈಲಿನೊಳಗೂ ತಾನೇ ಸಂಸ್ಕರಿಸಿದ ಒಂದು ಜೆಪೆಗ್ ಪ್ರತಿಯನ್ನು ಅಡಗಿಸಿ ಇಡುತ್ತದೆ, ಮತ್ತು ಸ್ಕ್ರೀನಿನಲ್ಲಿ ಕಾಣುವುದು ಈ ಜೆಪೆಗ್ ಮಾತ್ರ. ಲೈಟ್‌ರೂಮಿನಂಥ ತಂತ್ರಾಂಶದಲ್ಲಿ ಚಿತ್ರವೊಂದನ್ನು ತೆರೆದಾಗ ಅದು ಮೊದಲ ಕ್ಷಣ ಬೆಳ್ಳಗೆ, ಲಕಲಕಿಸುವಂತೆ ಕಂಡು, ಮರುಕ್ಷಣವೇ ಮಂಕಾಗುವುದನ್ನು ಬಹಳ ಜನ ಗಮನಿಸಿರುತ್ತಾರೆ. ಮೊದಲು ಕಂಡದ್ದು ಕ್ಯಾಮೆರಾ ಅಡಗಿಸಿಟ್ಟ ಜೆಪೆಗ್, ಆಮೇಲೆ ಕಂಡದ್ದು ಅದೇ ಅಳತೆಗಳಿಂದ ತಂತ್ರಾಂಶವು ತನ್ನ ಲೆಕ್ಕದಂತೆ ಕಟ್ಟಿಕೊಂಡ ಚಿತ್ರ. ಫೈಲಿನಲ್ಲಿ ಏನೋ ಕೆಟ್ಟಿತೆಂದು ಹೆದರುವವರು ಈ ಒಂದು ಕ್ಷಣದ ಬದಲಾವಣೆಯನ್ನು ನಿಧಾನವಾಗಿ ನೋಡಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಈ ಲೆಕ್ಕದ ಮೂಲ ಸಂವೇದಕದ ಸ್ವಭಾವದಲ್ಲಿದೆ. ಬಿದ್ದ ಬೆಳಕು ಇಮ್ಮಡಿಯಾದರೆ ಸಂವೇದಕ ಬರೆದುಕೊಳ್ಳುವ ಸಂಖ್ಯೆಯೂ ಇಮ್ಮಡಿಯಾಗುತ್ತದೆ. ಕಣ್ಣಿಗೆ ಮಾತ್ರ ಬೆಳಕು ಈ ಸರಳ ಅನುಪಾತದಲ್ಲಿ ತೋರುವುದಿಲ್ಲ. ಛಾಯಾಗ್ರಹಣದಲ್ಲಿ ನಡುಬೂದು ಎನಿಸಿಕೊಳ್ಳುವ, ಬಿದ್ದ ಬೆಳಕಿನ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಮೇಲ್ಮೈಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ, 0ಯಿಂದ 255ರವರೆಗಿನ ಅಳತೆಯಲ್ಲಿ ಅದರ ಸ್ಥಾನ ಸರಳ ಅನುಪಾತದಂತೆ ಸುಮಾರು 46 ಆಗುತ್ತದೆ. ಮಾನಿಟರುಗಳಿಗಾಗಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಕ್ರಮದಲ್ಲಿ ಪರಿವರ್ತಿಸಿದಾಗ ಅದೇ ಬೂದು 118ರ ಹತ್ತಿರಕ್ಕೆ ಏರುತ್ತದೆ. ಇದರ ಮೇಲೆ ಪ್ರತಿ ಕಂಪನಿಯೂ ತನ್ನ ರುಚಿಗೆ ತಕ್ಕ ಟೋನ್ ಕರ್ವ್, ಅಂದರೆ ನೆರಳು, ನಡುಭಾಗ, ಬೆಳಕುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಏರಿಳಿಸುವ ವಕ್ರರೇಖೆಯೊಂದನ್ನು ಸೇರಿಸುತ್ತದೆ. ನಿಕಾನ್ ಅದಕ್ಕೆ ಪಿಕ್ಚರ್ ಕಂಟ್ರೋಲ್ ಎಂದೂ ಕ್ಯಾನನ್ ಪಿಕ್ಚರ್ ಸ್ಟೈಲ್ ಎಂದೂ ಹೆಸರಿಟ್ಟಿವೆ. ಹೊರಗಿನ ತಂತ್ರಾಂಶಕ್ಕೆ ಈ ರುಚಿಯನ್ನು ಯಥಾವತ್ತಾಗಿ ಅನುಸರಿಸಬೇಕೆಂಬ ಕಟ್ಟುಪಾಡೇನೂ ಇಲ್ಲ. ಮುಕ್ತ ತಂತ್ರಾಂಶವಾದ ಡಾರ್ಕ್‌ಟೇಬಲ್‌ನ ಇತ್ತೀಚಿನ ಆವೃತ್ತಿಗಳು ಎಕ್ಸ್‌ಪೋಶರನ್ನು ತಾವಾಗಿಯೇ ಸುಮಾರು 0.7 ಸ್ಟಾಪ್ ಏರಿಸಿಕೊಂಡೇ ಕೆಲಸ ಆರಂಭಿಸುತ್ತವೆ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ ಅಥವಾ ಅರ್ಧ). ಹಸಿ ದತ್ತಾಂಶ ಮಂಕಾಗಿ ಕಾಣುವುದು ಸಹಜವೇ ಎಂಬುದಕ್ಕೆ ತಯಾರಕರು ಕೊಟ್ಟ ಇದಕ್ಕಿಂತ ನೇರವಾದ ಒಪ್ಪಿಗೆ ಬೇಕಿಲ್ಲ.

ಇಷ್ಟರವರೆಗಿನದು ಕಾಣ್ಕೆಯ ವಿಷಯ. ನಿಜವಾದ ನಷ್ಟಕ್ಕೆ ಎಡೆಮಾಡಿಕೊಡುವುದು ನೆರಳನ್ನು ತಿಳಿಗೊಳಿಸುವ ಸ್ವಯಂಚಾಲಿತ ಸೌಲಭ್ಯ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷವೊಂದು ದೀಪದೆದುರು ತಿರುಗಿದಾಗ ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಇಟ್ಟ ಬಿಳಿ ಚುಟ್ಟಿಯೂ ಬೇಗಡೆ ಹಚ್ಚಿದ ಭುಜಕೀರ್ತಿಯೂ ಬೆಳಕಿನ ಮಿತಿಯನ್ನೇ ಮುಟ್ಟುತ್ತವೆ, ಕಿರೀಟದ ನೆರಳಿನಲ್ಲಿರುವ ಕಣ್ಣುಗಳು ಕತ್ತಲಲ್ಲೇ ಉಳಿಯುತ್ತವೆ. ನಿಕಾನ್ 2007ರಲ್ಲಿ ಡಿ3 ಮತ್ತು ಡಿ300 ಕ್ಯಾಮೆರಾಗಳೊಂದಿಗೆ ತಂದ ಆ್ಯಕ್ಟಿವ್ ಡಿ-ಲೈಟಿಂಗ್ ಇಂಥ ದೃಶ್ಯದಲ್ಲಿ ಬಿಳಿ ಭಾಗಗಳು ಸುಟ್ಟುಹೋಗದಂತೆ ಎಕ್ಸ್‌ಪೋಶರನ್ನು ಮೊದಲೇ ತಗ್ಗಿಸಿ, ಅನಂತರ ಜೆಪೆಗ್‌ನಲ್ಲಿ ನೆರಳಿನ ಭಾಗವನ್ನು ಮೇಲೆತ್ತುತ್ತದೆ. ಕ್ಯಾನನ್ನಿನ ಹೈಲೈಟ್ ಟೋನ್ ಪ್ರಯಾರಿಟಿಯ ತತ್ತ್ವವೂ ಇದಕ್ಕೆ ಹತ್ತಿರದ್ದು. ಅದನ್ನು ಚಾಲೂ ಮಾಡಿದೊಡನೆ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ 100 ದೊರೆಯದೆ 200ರಿಂದ ಆರಂಭವಾಗುವುದು ಒಂದು ಸ್ಟಾಪ್ ತಗ್ಗಿಸಿದ್ದರ ಗುರುತು. ಜೆಪೆಗ್ ಮಾತ್ರ ಬಳಸುವವರಿಗೆ ಈ ಸೌಲಭ್ಯಗಳು ಉಪಕಾರಿಯೇ ಸರಿ. ರಾ ಬಳಸುವವರಿಗಾದರೋ ತಗ್ಗಿಸಿದ ಎಕ್ಸ್‌ಪೋಶರ್ ಫೈಲಿನಲ್ಲಿ ಉಳಿಯುತ್ತದೆ, ಮೇಲೆತ್ತುವ ಸೂಚನೆಯನ್ನು ಹೊರಗಿನ ತಂತ್ರಾಂಶಗಳಲ್ಲಿ ಹಲವು ಪಾಲಿಸುವುದಿಲ್ಲ. ಆ ಕೊರತೆಯನ್ನು ಆಮೇಲೆ ಸ್ಲೈಡರ್ ಎಳೆದು ತುಂಬಿದಾಗ, ಮೊದಲೇ ಹೆಚ್ಚಿನ ಐಎಸ್‌ಒದಲ್ಲಿ ತೆಗೆದ ರಾತ್ರಿಯ ಚಿತ್ರದ ಕಪ್ಪು ಭಾಗಗಳಲ್ಲಿ ನಾಯ್ಸ್, ಅಂದರೆ ಬಣ್ಣಬಣ್ಣದ ಕಾಳುಕಾಳು ಕಲೆಗಳು, ಎದ್ದುಬರುತ್ತವೆ. ರಾ ಮಾತ್ರ ತೆಗೆಯುವವರು ಈ ಸೌಲಭ್ಯಗಳನ್ನು ಆಫ್ ಮಾಡಿಡುವುದೇ ಲೇಸು. ಬಿಳಿಯನ್ನು ಕಾಯುವ ಕೆಲಸವನ್ನು ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಮೂಲಕ ತಾವೇ ಮಾಡಿದರೆ ಎಷ್ಟು ತಗ್ಗಿಸಲಾಯಿತೆಂಬ ಲೆಕ್ಕವಾದರೂ ಕೈಯಲ್ಲಿರುತ್ತದೆ.

ನೋಡುವ ಪರಿಸರದ ಪಾಲೂ ಚಿಕ್ಕದಲ್ಲ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾದ ಪುಟ್ಟ ಸ್ಕ್ರೀನ್ ದೀಪದಂತೆ ಬೆಳಗುತ್ತದೆ, ಬೆಳಕು ಸಾಲದ ಚಿತ್ರವೂ ಅದರಲ್ಲಿ ತುಂಬಿಕೊಂಡಂತೆ ತೋರುತ್ತದೆ; ಮರುದಿನ ಕಿಟಕಿ ತೆರೆದ ಕೋಣೆಯಲ್ಲಿ ಅದನ್ನೇ ಮಾನಿಟರಿನಲ್ಲಿ ನೋಡಿದಾಗ ನೆರಳೆಲ್ಲ ಮಸಿಯಾಗಿರುತ್ತದೆ. ಮುದ್ರಣಕ್ಕೆ ಸಿದ್ಧಪಡಿಸುವ ಮಾನಿಟರಿನ ಪ್ರಕಾಶವನ್ನು ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದ ಒಳಗೆ ಇರಿಸಲಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚಿಟ್ಟುಕೊಂಡು ತಿದ್ದಿದರೆ ತೊಡಕು ಮುಂದಿನ ಹಂತಕ್ಕೆ ದಾಟುತ್ತದೆ. ಮದುವೆ ಆಲ್ಬಮ್ ಲ್ಯಾಬಿನಿಂದ ಕಪ್ಪಾಗಿ ಬಂತೆಂಬ ದೂರುಗಳಲ್ಲಿ ಎಷ್ಟೋ ಈ ಬಗೆಯವು, ಅಲ್ಲಿ ಲ್ಯಾಬಿನವರನ್ನು ಬೈದು ಪ್ರಯೋಜನವಿಲ್ಲ.

ಕಾರಣ ಯಾವುದೆಂದು ಕಂಡುಹಿಡಿಯಲು ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸಿ, ಒಂದೇ ಮಾನಿಟರಿನಲ್ಲಿ ಅಕ್ಕಪಕ್ಕ ಇಟ್ಟು ನೋಡುವುದು ಸುಲಭದ ಉಪಾಯ. ಎರಡೂ ಕಪ್ಪಾಗಿದ್ದರೆ ದೋಷವಿರುವುದು ಮಾನಿಟರಿನ ಹೊಂದಾಣಿಕೆಯಲ್ಲಿ ಅಥವಾ ಎಕ್ಸ್‌ಪೋಶರಿನಲ್ಲಿ. ನೆರಳನ್ನು ತಿಳಿಗೊಳಿಸುವ ಸೌಲಭ್ಯಗಳು ಆಫ್ ಇದ್ದೂ ಜೆಪೆಗ್ ಸರಿಯಿದ್ದು ರಾ ಮಾತ್ರ ಕಪ್ಪಾಗಿದ್ದರೆ ಸಂಸ್ಕರಣೆಯಲ್ಲಿ. ಅದೇ ರಾ ಫೈಲನ್ನು ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೊ ಅಥವಾ ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್‌ನಂಥ ಕಂಪನಿಯ ಸ್ವಂತ ತಂತ್ರಾಂಶದಲ್ಲಿ ತೆರೆದಾಗ ಕ್ಯಾಮೆರಾದಲ್ಲಿ ಕಂಡ ಬೆಳಕು ಮರಳಿ ಬಂದರೆ ಸಂಶಯ ಉಳಿಯುವುದಿಲ್ಲ. ಲೈಟ್‌ರೂಮಿನಲ್ಲಿಯೇ ಕೆಲಸ ಮಾಡುವವರಿಗೆ ಕ್ಯಾಮೆರಾ ಮ್ಯಾಚಿಂಗ್ ಪ್ರೊಫೈಲುಗಳು ಅಂತರವನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತವೆ. ಆಟದ ನಡುವೆ ನಿರ್ಧಾರ ಕೈಗೊಳ್ಳಲು ಮಾತ್ರ ಹಿಸ್ಟೋಗ್ರಾಮ್, ಅಂದರೆ ಚಿತ್ರದ ಯಾವ ಮಟ್ಟದ ಬೆಳಕು ಎಷ್ಟಿದೆಯೆಂದು ತೋರಿಸುವ ನಕ್ಷೆ, ಸ್ಕ್ರೀನಿಗಿಂತ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಸುತ್ತಲಿನ ಕತ್ತಲೆ ಅದನ್ನು ಬದಲಿಸಲಾರದು. ಹಾಗಿದ್ದರೂ ಅದೂ ಸಾಮಾನ್ಯವಾಗಿ ಒಳಗಿನ ಜೆಪೆಗ್‌ನಿಂದಲೇ ಲೆಕ್ಕ ಹಾಕಿದ್ದಾದ್ದರಿಂದ, ಪಿಕ್ಚರ್ ಕಂಟ್ರೋಲನ್ನು ನ್ಯೂಟ್ರಲ್ ಅಥವಾ ಫ್ಲಾಟ್‌ಗೆ ಇಟ್ಟು, ಸ್ಕ್ರೀನಿನ ಪ್ರಕಾಶವನ್ನು ಆಟೋದಿಂದ ತೆಗೆದು ರಾತ್ರಿಗೆ ತಕ್ಕಂತೆ ಇಳಿಸಿಕೊಂಡವರಿಗೆ ಮನೆಯ ಮಾನಿಟರಿನಲ್ಲಿ ಕಾಣುವ ವ್ಯತ್ಯಾಸ ಅಷ್ಟೇನೂ ದೊಡ್ಡದಾಗಿರುವುದಿಲ್ಲ.