ದಕ್ಷಿಣದ ಮಣ್ಣು, ಒಕ್ಕೂಟದ ನಿಷ್ಠೆ: ಅಲಬಾಮಾದ ಮೊದಲನೆಯ ಅಶ್ವದಳ

ಅಮೆರಿಕದ ಅಂತರ್ಯುದ್ಧವನ್ನು (೧೮೬೧–೧೮೬೫) ಉತ್ತರ ದಕ್ಷಿಣಗಳ ಕದನವೆಂದು ಪಾಠಪುಸ್ತಕಗಳು ಸಂಗ್ರಹವಾಗಿ ಹೇಳುತ್ತವೆ. ಸ್ಥೂಲವಾಗಿ ಆ ಮಾತು ಸರಿಯೆ. ಆದರೆ ಭೂಪಟದ ಮೇಲೆ ಎಳೆದ ಗೆರೆಯೇ ಜನರ ಅಂತಃಕರಣವನ್ನೂ ಇಬ್ಭಾಗಿಸಿತೆಂದು ಬಗೆದರೆ ತಪ್ಪಾದೀತು. ಬೇರ್ಪಟ್ಟ ಹನ್ನೊಂದು ರಾಜ್ಯಗಳಲ್ಲಿ ದಕ್ಷಿಣ ಕೆರೊಲಿನಾ ಒಂದನ್ನುಳಿದು ಮಿಕ್ಕವುಗಳಿಂದೆಲ್ಲ ಬಿಳಿಯರ ದಳಗಳು ಒಕ್ಕೂಟದ ಪಕ್ಷದಲ್ಲಿ ಆಯುಧ ಹಿಡಿದುವು.

ಇದಕ್ಕೆ ಒಳ್ಳೆಯ ನಿದರ್ಶನ ಅಲಬಾಮಾದ ಮೊದಲನೆಯ ಅಶ್ವದಳ. ಆ ರಾಜ್ಯದ ಉತ್ತರದ ಗುಡ್ಡಗಾಡಿನಲ್ಲಿರುವ ವಿನ್‌ಸ್ಟನ್ ಜಿಲ್ಲೆ ಸಣ್ಣ ಹಿಡುವಳಿಯ ರೈತರ ನೆಲೆ; ೧೮೬೦ರ ಜನಗಣತಿಯಂತೆ ಅಲ್ಲಿದ್ದ ಗುಲಾಮರು ಕೇವಲ ೧೨೨ ಮಂದಿ. ೧೮೬೧ರ ಜನವರಿ ೧೧ರಂದು ಮಾಂಟ್‌ಗೊಮರಿಯಲ್ಲಿ ಸೇರಿದ ರಾಜ್ಯಸಮ್ಮೇಳನವು ೬೧ಕ್ಕೆ ೩೯ ಮತಗಳಿಂದ ಒಕ್ಕೂಟವನ್ನು ತೊರೆಯಲು ನಿರ್ಣಯಿಸಿತು. ವಿನ್‌ಸ್ಟನ್ನಿನ ಪ್ರತಿನಿಧಿ ಕ್ರಿಸ್ಟೋಫರ್ ಶೀಟ್ಸ್ ಇಪ್ಪತ್ತೊಂದರ ಹರೆಯದ ಶಾಲಾ ಉಪಾಧ್ಯಾಯ. ಆತ ನಿರ್ಣಯಪತ್ರಕ್ಕೆ ಸಹಿ ಹಾಕಲೊಪ್ಪಲಿಲ್ಲ. ತನ್ನ ನಿಷ್ಠೆಗಾಗಿ ಮುಂದೆ ಸೆರೆವಾಸವನ್ನೂ ಅನುಭವಿಸಿದ.

೧೮೬೨ರ ಏಪ್ರಿಲ್‌ನಲ್ಲಿ ದಕ್ಷಿಣದ ಸರ್ಕಾರ ಕಡ್ಡಾಯ ಸೈನ್ಯಭರ್ತಿಯ ಶಾಸನವನ್ನು ತಂದಿತು. ಅದೇ ವರ್ಷ ಇಪ್ಪತ್ತು ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ದೊರೆಯಿತು. ಯುದ್ಧ ಸಿರಿವಂತರದು, ಸಾವು ಬಡವರದು ಎಂಬ ಕಹಿ ಹಳ್ಳಿಗಳಲ್ಲಿ ಬೇರೂರಿತು. ತರುಣರು ಕಾಡು ಗವಿಗಳಲ್ಲಿ ಅಡಗಿದರು. ಇರುಳಲ್ಲಿ ನಡೆದು ಒಕ್ಕೂಟದ ಪಾಳೆಯಗಳನ್ನು ಸೇರಿದರು. ಹೀಗೆ ಬಂದವರಿಂದ ೧೮೬೨ರಲ್ಲಿ ಈ ದಳ ರೂಪುಗೊಂಡಿತು. ಒಟ್ಟು ಸುಮಾರು ಎರಡು ಸಾವಿರ ಮಂದಿ ಇದರಲ್ಲಿ ಸೇವೆ ಸಲ್ಲಿಸಿದರು.

ನಾಡಿನ ಕಾಲುದಾರಿ, ಹೊಳೆಯ ಹಾಯ್ಗಡಗಳನ್ನು ಬಲ್ಲ ಇವರು ಗೂಢಚಾರರಾಗಿ, ಮಾರ್ಗದರ್ಶಕರಾಗಿ ಅಮೂಲ್ಯರೆನಿಸಿದರು. ೧೮೬೪ರಲ್ಲಿ ಸೇನಾನಿ ಷರ್ಮನ್ ಅಟ್ಲಾಂಟಾದಿಂದ ಕಡಲತ್ತ ದಂಡಯಾತ್ರೆ ಹೊರಟಾಗ ಆತನ ಬೆಂಗಾವಲಿಗೆ ಈ ದಳದವರೇ ನಿಯುಕ್ತರಾದರು. ೧೮೬೫ರ ಮಾರ್ಚ್ ೧೦ರಂದು ಉತ್ತರ ಕೆರೊಲಿನಾದ ಮನ್ರೋಸ್ ಕ್ರಾಸ್‌ರೋಡ್ಸ್‌ನಲ್ಲಿ ಬೆಳಗಿನ ಜಾವ ಶತ್ರುಗಳು ಪಾಳೆಯದ ಮೇಲೆರಗಿದಾಗ, ಕಳೆದುಕೊಂಡ ನೆಲೆಯನ್ನು ಮತ್ತೆ ಗೆದ್ದುಕೊಂಡವರಲ್ಲಿ ಇವರೂ ಇದ್ದರು.

ಇವರೆಲ್ಲರೂ ಗುಲಾಮಗಿರಿಯ ವಿರೋಧಿಗಳಾಗಿದ್ದರೆನ್ನಲಾಗದು. ಪೂರ್ವಿಕರು ಕಟ್ಟಿದ ಒಕ್ಕೂಟದ ಮೇಲಣ ಮಮತೆ ಕೆಲವರದು. ಬಲವಂತದ ಭರ್ತಿಯ ಮೇಲಣ ರೋಷ ಕೆಲವರದು. ಅವರ ಕತ್ತಿ ಮಾತ್ರ ದಾಸ್ಯವಿಮೋಚನೆಗೂ ನೆರವಾಯಿತು. ೧೮೬೩ರಲ್ಲಿ ಇದೇ ರಾಜ್ಯದ ಹೆಸರಿನಲ್ಲಿ ಕರಿಯರ ಪದಾತಿದಳವೂ ಏರ್ಪಟ್ಟಿತು. ಅವರಿಗಾದರೋ ಈ ಯುದ್ಧ ತಮ್ಮ ಬಿಡುಗಡೆಯದೇ ಆಗಿತ್ತು.

ಗೆದ್ದು ಮರಳಿದವರಿಗೆ ಊರು ಹೂಮಾಲೆ ಹಿಡಿದು ನಿಲ್ಲಲಿಲ್ಲ. ನೆರೆಯವರಲ್ಲಿ ಅನೇಕರಿಗೆ ಅವರು ದ್ರೋಹಿಗಳೇ. ದಕ್ಷಿಣದ ಯುದ್ಧಸ್ಮರಣೆಯಲ್ಲಿ ಅವರ ಹೆಸರು ಬಹುಕಾಲ ಹಿಂದೆ ಸರಿಯಿತು. ೧೯೮೭ರಲ್ಲಿ ವಿನ್‌ಸ್ಟನ್ನಿನ ಡಬಲ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಸ್ಥಾಪಿತವಾದ ಸೈನಿಕನ ಪ್ರತಿಮೆಯಲ್ಲಿ ಅರ್ಧದೇಹಕ್ಕೆ ಒಕ್ಕೂಟದ ಉಡುಪು, ಇನ್ನರ್ಧಕ್ಕೆ ದಕ್ಷಿಣದ ಉಡುಪು.

ನೆರೆಯವರೆಲ್ಲ ಒಂದು ದಾರಿ ಹಿಡಿದಾಗ ತನ್ನ ವಿವೇಕ ತೋರಿದ ದಾರಿಯಲ್ಲಿ ನಡೆಯುವುದು ಕಠಿಣ. ನಡೆದು, ಮತ್ತೆ ಅದೇ ನೆರೆಯವರ ನಡುವೆ ಬಾಳುವುದು ಇನ್ನೂ ಕಠಿಣ. ಚರಿತ್ರೆಯನ್ನು ಬೋಧಿಸುವವರು ಗೆದ್ದ ಪಕ್ಷ, ಸೋತ ಪಕ್ಷಗಳ ಜೊತೆಗೆ ಇಂಥವರನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಯುಕ್ತ.